ಆ ಟಮಾಟ ಎಸೆದೋರು ಯಾರು ಮಿಸ್?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಅಮೆರಿಕದ ಕಪ್ಪು ಜನರ ಚರಿತ್ರೆಯನ್ನು ಪ್ರೈಮರಿ ಮಕ್ಕಳಿಗೆ ಹೇಗೆ ಹೇಳುವುದು, ಅವರ ವಯಸ್ಸಿಗೆ ಒಪ್ಪುವ ಕಥೆ, ಚಿತ್ರ ಎಲ್ಲಿ ಹುಡುಕುವುದು ಅಂತ. ಹಾಗಾಗಿ ಈ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಟೀಚರ್, ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 4 ಮತ್ತು 5ನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಅಂಬೇಡ್ಕರ್ ಜಯಂತಿ ದಿನ, ಬಾಬಾಸಾಹೇಬರು ಅಮೆರಿಕದಲ್ಲಿ ಓದಿದರು ಅಂತ ಹೇಳುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, "ಅಲ್ಲಿ ಎಲ್ಲರನ್ನೂ ಒಂದೇ ತರ ನೋಡ್ತಿದ್ರಾ ಸಾರ್?" ಅಂದಳು. ಇಲ್ಲ, ಅಲ್ಲಿ ಕಪ್ಪು ಜನರನ್ನು ದೂರ ಇಟ್ಟಿದ್ದರು ಅಂದೆ. ಮಕ್ಕಳು ಬಿಡಲಿಲ್ಲ, ಆ ಕಥೆ ಹೇಳಿ ಅಂತ ಕೂತರು. ಮನೆಗೆ ಬಂದು ಮೊಬೈಲ್‌ನಲ್ಲಿ ಹುಡುಕಿದರೆ ಸಿಕ್ಕಿದ್ದೆಲ್ಲ ಸಂಕೋಲೆ, ಚಾಟಿ, ಮರಕ್ಕೆ ನೇತುಹಾಕಿದವರ ಫೋಟೊ. ಒಂಬತ್ತು ವರ್ಷದ ಮಕ್ಕಳಿಗೆ ಇದನ್ನೆಲ್ಲ ತೋರಿಸುವುದು ಹೇಗೆ? ಅವರ ವಯಸ್ಸಿಗೆ ತಕ್ಕದ್ದು, ಅದೂ ಕನ್ನಡದಲ್ಲಿ, ಎಲ್ಲಾದರೂ ಸಿಗುತ್ತಾ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅದರ ಪಕ್ಕದಲ್ಲೇ ಇರುವುದು ಹಾರ್ಲೆಮ್, ಕಪ್ಪು ಜನರ ದೊಡ್ಡ ಬಡಾವಣೆ. ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಬೆಂಚು. ಇದೆಲ್ಲ ಕಾನೂನೇ ಆಗಿತ್ತು. ನಿಮ್ಮ ಹುಡುಗಿ ಕೇಳಿದ್ದು ಎಂಥ ಸರಿಯಾದ ಪ್ರಶ್ನೆ ನೋಡಿ.

ಆ ಮರದ ಫೋಟೊಗಳನ್ನು ನೀವು ತೋರಿಸದೆ ಇದ್ದದ್ದು ಒಳ್ಳೆಯದಾಯಿತು. ಅವು ಹೈಸ್ಕೂಲಿಗೆ ಇರಲಿ. ಹಾಗಂತ ನಾಲ್ಕನೇ ಕ್ಲಾಸಿಗೆ ಸತ್ಯ ಹೇಳಲೇಬಾರದು ಅಂತಲ್ಲ. ಅವರು ತಡೆದುಕೊಳ್ಳುವಷ್ಟು ಸತ್ಯ, ಅವರದೇ ವಯಸ್ಸಿನ ಒಂದು ಮಗುವಿನ ಮೂಲಕ ಹೇಳಬೇಕು. ನಾನು ಮುಳಬಾಗಿಲು, ಶ್ರೀನಿವಾಸಪುರ ಕಡೆ ಶಾಲೆಗಳಲ್ಲಿ ಇದ್ದಾಗ ಮಾಡುತ್ತಿದ್ದದ್ದು ಇಷ್ಟೇ. ಗುಲಾಮಗಿರಿಯಿಂದ ಶುರು ಮಾಡುತ್ತಿರಲಿಲ್ಲ. ರೂಬಿಯಿಂದ ಶುರು ಮಾಡುತ್ತಿದ್ದೆ.

ರೂಬಿ ಬ್ರಿಡ್ಜಸ್ ಹುಟ್ಟಿದ್ದು 1954ರಲ್ಲಿ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಮಾಡುವುದು ತಪ್ಪು ಅಂತ ತೀರ್ಪು ಕೊಟ್ಟಿತು. ತೀರ್ಪು ಬಂದರೇನು, ಎಷ್ಟೋ ಊರುಗಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಆರು ವರ್ಷ ಕಳೆದ ಮೇಲೆ, 1960ರ ನವೆಂಬರ್ 14ರಂದು, ನ್ಯೂ ಆರ್ಲಿಯನ್ಸ್ ಊರಿನ ವಿಲಿಯಂ ಫ್ರಾಂಟ್ಜ್ ಶಾಲೆಗೆ ಆರು ವರ್ಷದ ರೂಬಿ ಹೋದಳು. ಅಲ್ಲಿಯವರೆಗೆ ಅಲ್ಲಿ ಬರೀ ಬಿಳಿ ಮಕ್ಕಳು. ಅವಳನ್ನು ಕರೆದುಕೊಂಡು ಹೋಗಲು ಕೇಂದ್ರ ಸರ್ಕಾರದ ನಾಲ್ಕು ಜನ ಮಾರ್ಷಲ್‌ಗಳು ಬಂದರು. ಶಾಲೆ ಮುಂದೆ ಜನ ಕೂಗಾಡುತ್ತಿದ್ದರು. ರೂಬಿಗೆ ಅದು ಊರ ಹಬ್ಬದ ಗದ್ದಲ ಅನ್ನಿಸಿತಂತೆ. ಮೊದಲ ದಿನ ಪೂರ್ತಿ ಅಮ್ಮನ ಜೊತೆ ಹೆಡ್‌ಮಾಸ್ಟರ್ ಆಫೀಸಿನಲ್ಲೇ ಕೂತಿದ್ದಳು. ಬಿಳಿ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ರೂಬಿಗೆ ಪಾಠ ಮಾಡಲು ಒಪ್ಪಿದ್ದು ಒಬ್ಬರೇ ಟೀಚರ್, ಬಾಸ್ಟನ್‌ನಿಂದ ಬಂದಿದ್ದ ಬಾರ್ಬರಾ ಹೆನ್ರಿ. ಆ ವರ್ಷ ಪೂರ್ತಿ ಕ್ಲಾಸಿನಲ್ಲಿ ಒಬ್ಬ ಟೀಚರ್, ಒಬ್ಬಳು ಹುಡುಗಿ. ಅಷ್ಟೇ.

ಇಷ್ಟು ಹೇಳಿ ಸುಮ್ಮನಿರಿ. ಮಕ್ಕಳು ತಾವೇ ಕೇಳುತ್ತಾರೆ. "ಊಟಕ್ಕೆ ಯಾರ ಜೊತೆ ಕೂತ್ಕೊತಿದ್ಲು?" "ಆಟಕ್ಕೆ ಯಾರೂ ಇರ್ಲಿಲ್ವಾ?" "ಅವಳು ಅಳಲಿಲ್ವಾ?" ನಾವು ಅನ್ಯಾಯ, ಸಮಾನತೆ ಅಂತ ಎಷ್ಟು ಭಾಷಣ ಮಾಡಿದರೂ ಹುಟ್ಟದ ಪ್ರಶ್ನೆಗಳು ಇವು.

ಇದರ ಜೊತೆ ತೋರಿಸಲು ಒಂದು ಚಿತ್ರ ಇದೆ. ನಾರ್ಮನ್ ರಾಕ್‌ವೆಲ್ ಎಂಬ ಚಿತ್ರಕಾರರು ಬರೆದದ್ದು, 1964ರಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಬಿಳಿ ಫ್ರಾಕು ಹಾಕಿಕೊಂಡು, ಕೈಯಲ್ಲಿ ಪುಸ್ತಕ, ಸ್ಕೇಲು ಹಿಡಿದು ರೂಬಿ ನಡೆಯುತ್ತಿದ್ದಾಳೆ. ಹಿಂದೆ ಮುಂದೆ ನಾಲ್ಕು ಜನ ದೊಡ್ಡವರು. ಅವರ ಮುಖ ಕಾಣುವುದಿಲ್ಲ, ಭುಜದ ಹತ್ತಿರಕ್ಕೇ ಚಿತ್ರ ಮುಗಿಯುತ್ತದೆ. ಗೋಡೆಗೆ ಎಸೆದ ಒಂದು ಟೊಮೆಟೊ ಒಡೆದು ಕೆಂಪಗೆ ಸೋರುತ್ತಿದೆ. ಇದನ್ನು ತೋರಿಸಿದಾಗ ನಮ್ಮ ಮಕ್ಕಳ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಟೊಮೆಟೊ ಕಡೆಗೇ. ಹೋಗದೆ ಇರುತ್ತದಾ? ಅರ್ಧ ಜನರ ಮನೆಯಲ್ಲಿ ಅಪ್ಪ ಅಮ್ಮ ಟಮಾಟ ಬಿಡಿಸಿ, ಬಾಕ್ಸ್ ತುಂಬಿ, ರಾತ್ರೋರಾತ್ರಿ ಕೋಲಾರದ ಮಾರ್ಕೆಟ್ಟಿಗೆ ಕಳಿಸುವವರು. "ಇಷ್ಟು ಒಳ್ಳೆ ಹಣ್ಣು ಯಾಕ್ ಒಡೆದ್ರು? ಎಸೆದೋರು ಯಾರು ಮಿಸ್?" ಎಸೆದವರು ಚಿತ್ರದಲ್ಲಿ ಇಲ್ಲ. ಅವರು ನಿಂತಿರುವುದು ನಾವು ನಿಂತು ನೋಡುವ ಜಾಗದಲ್ಲೇ. ಇದನ್ನು ಐದನೇ ಕ್ಲಾಸಿನ ಮಕ್ಕಳು ತಾವಾಗಿಯೇ ಕಂಡುಹಿಡಿಯುತ್ತಾರೆ. ನೀವು ಮೊದಲೇ ಹೇಳಿಬಿಡಬೇಡಿ, ಕಾಯಿರಿ.

ಒಂದು ಎಚ್ಚರ. ಆ ಚಿತ್ರದ ಗೋಡೆ ಮೇಲೆ ಕಪ್ಪು ಜನರನ್ನು ಬೈಯುವ ಒಂದು ಕೆಟ್ಟ ಪದ ಬರೆದಿದೆ. ಮಕ್ಕಳು ಅದನ್ನು ಓದಲು ಶುರು ಮಾಡುತ್ತಾರೆ. ಆಗ, "ಅದು ಬೈಗುಳ, ನಾವು ಅದನ್ನ ಬಾಯಲ್ಲಿ ಹೇಳೋದು ಬೇಡ" ಅಂದರೆ ಸಾಕು. ಅಂಥ ಪದಗಳು ತಮ್ಮ ಊರಲ್ಲೂ ಇವೆ ಅಂತ ಅವರಿಗೆ ಗೊತ್ತು. ಕೆಲವು ಮಕ್ಕಳಿಗೆ ಅದನ್ನು ಕೇಳಿಸಿಕೊಂಡೂ ಗೊತ್ತು.

ಹಾಗಾಗಿಯೇ ಇನ್ನೊಂದು ಮಾತು ಹೇಳುತ್ತೇನೆ, ದಯವಿಟ್ಟು ಇದನ್ನು ಮರೆಯಬೇಡಿ. ಈ ಪಾಠಕ್ಕೆ ನಾಟಕ ಆಡಿಸಬೇಡಿ. "ನೀನು ಗುಲಾಮ, ನೀನು ಯಜಮಾನ" ಅಂತ ಮಕ್ಕಳನ್ನು ಎರಡು ಗುಂಪು ಮಾಡಬೇಡಿ. "ಇವತ್ತು ಈ ಸಾಲಿನವರು ನೀರು ಮುಟ್ಟಬಾರದು" ಅಂತ ಅನುಭವ ಮಾಡಿಸುವ ಆಟವೂ ಬೇಡ. ಪ್ರತಿಭಾ ಕಾರಂಜಿಗೆ ಚೆನ್ನಾಗಿರುತ್ತೆ ಅನ್ನಿಸಬಹುದು. ಆದರೆ ನಿಮ್ಮ ಕ್ಲಾಸಿನಲ್ಲಿ ಕಾಲೋನಿಯಿಂದ ಬರುವ ಮಕ್ಕಳು ಇರುತ್ತಾರೆ. ಅವರ ಮನೆಯಲ್ಲಿ ನಿಜವಾಗಿ ನಡೆದದ್ದನ್ನು ಎಲ್ಲರೆದುರು ಮತ್ತೆ ಆಡಿಸಿದ ಹಾಗಾಗುತ್ತದೆ. ಯಾವ ಮಗುವನ್ನೂ ತೋರಿಸಿ "ಇವರಿಗೂ ಹೀಗೇ ಆಗಿತ್ತು" ಅನ್ನಬೇಡಿ. ರೂಬಿ ಕಥೆ ಆದ ಮೇಲೆ, ಅಂಬೇಡ್ಕರ್ ಸಾತಾರದ ಶಾಲೆಗೆ ಗೋಣಿತಟ್ಟು ತೆಗೆದುಕೊಂಡು ಹೋಗಿ ಅದರ ಮೇಲೆ ಕೂರುತ್ತಿದ್ದದ್ದು, ಜವಾನ ಬಂದು ಮೇಲಿಂದ ಸುರಿದರೆ ಮಾತ್ರ ನೀರು, ಇಲ್ಲದಿದ್ದರೆ ಇಲ್ಲ, ಇದನ್ನು ಹೇಳಿ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಮಾಡಲು ಹೋಗುವಾಗ ಸಾವಿತ್ರಿಬಾಯಿ ಫುಲೆ ಮೇಲೆ ಜನ ಸಗಣಿ, ಮಣ್ಣು ಎಸೆಯುತ್ತಿದ್ದದ್ದು, ಅದಕ್ಕೆ ಅವರು ಇನ್ನೊಂದು ಸೀರೆ ಜೊತೆಗೇ ಇಟ್ಟುಕೊಳ್ಳುತ್ತಿದ್ದದ್ದು ಹೇಳಿ. ಅಲ್ಲಿ ಟೊಮೆಟೊ, ಇಲ್ಲಿ ಸಗಣಿ. ಜೋಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಗುಲಾಮಗಿರಿ ಅಂದರೇನು ಅಂತ ಕೇಳೇ ಕೇಳುತ್ತಾರೆ. ಸುತ್ತಿ ಬಳಸಬೇಡಿ. "ಆಫ್ರಿಕಾದಿಂದ ಜನರನ್ನ ಹಿಡಿದು, ಹಡಗಲ್ಲಿ ತುಂಬಿ, ಅಮೆರಿಕಕ್ಕೆ ತಂದು ಮಾರುತ್ತಿದ್ದರು. ಕೂಲಿ ಇಲ್ಲದೆ ಹತ್ತಿ, ಕಬ್ಬು, ಹೊಗೆಸೊಪ್ಪಿನ ಹೊಲದಲ್ಲಿ ದುಡಿಸುತ್ತಿದ್ದರು. ಅಮ್ಮನ್ನ ಒಬ್ಬರಿಗೆ, ಮಗೂನ ಇನ್ನೊಬ್ಬರಿಗೆ ಮಾರಬಹುದಿತ್ತು. ಅದು ತಪ್ಪು. 1865ರಲ್ಲಿ ಅದನ್ನ ಕಾನೂನು ಮಾಡಿ ನಿಲ್ಲಿಸಿದರು." ನಾಲ್ಕನೇ ಕ್ಲಾಸಿಗೆ ಇದಕ್ಕಿಂತ ಜಾಸ್ತಿ ಬೇಡ. ಆಮೇಲೆ ಕೂಡಲೇ ಫ್ರೆಡರಿಕ್ ಡಗ್ಲಸ್ ಕಥೆಗೆ ಬನ್ನಿ. ಹುಟ್ಟಿದಾಗಿನಿಂದ ಗುಲಾಮ. ಬಾಲ್ಟಿಮೋರ್ ಊರಿನಲ್ಲಿ ಮನೆಯೊಡತಿ ಅವನಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದಳು, ಗಂಡ ಬೈದು ನಿಲ್ಲಿಸಿದ. ಹುಡುಗ ಬಿಡಲಿಲ್ಲ. ಜೇಬಿನಲ್ಲಿ ಬ್ರೆಡ್ಡು ಇಟ್ಟುಕೊಂಡು ಹೋಗಿ, ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು, ಅವರಿಂದ ಪಾಠ ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು ಹೋದವನು ಮುಂದೆ ದೊಡ್ಡ ಭಾಷಣಕಾರನಾದ, ಪತ್ರಿಕೆ ನಡೆಸಿದ. ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಕೊಟ್ಟು ಹೋಮ್‌ವರ್ಕ್ ಬರೆಸಿಕೊಳ್ಳುವ ನಮ್ಮ ಹುಡುಗರಿಗೆ ಈ ವ್ಯವಹಾರ ತಕ್ಷಣ ಅರ್ಥವಾಗುತ್ತದೆ!

ಇನ್ನು ಎಲ್ಲಿ ಸಿಗುತ್ತದೆ ಅನ್ನುವ ಮಾತು. ಕನ್ನಡದಲ್ಲಿ ಸಿದ್ಧ ಪುಸ್ತಕಗಳು ಕಡಿಮೆ. ಹಾಗಾಗಿ ಚಿತ್ರ ಅಲ್ಲಿಂದ, ಮಾತು ನಿಮ್ಮದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಹಳೆಯ ಫೋಟೊಗಳನ್ನು ಜಾಲತಾಣದಲ್ಲಿ ಇಟ್ಟಿದೆ, ದುಡ್ಡು ಕೊಡಬೇಕಿಲ್ಲ. ವಾಷಿಂಗ್ಟನ್‌ನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ಮ್ಯೂಸಿಯಂನ ತಾಣದಲ್ಲಿ ಟೀಚರ್‌ಗಳಿಗೆ, ಚಿಕ್ಕ ಮಕ್ಕಳಿಗೆ ಅಂತಲೇ ಪಾಠಗಳಿವೆ. ಇಂಗ್ಲಿಷ್‌ನಲ್ಲಿವೆ, ಆದರೆ ಸರಳವಾಗಿವೆ. ರೂಬಿ ಬ್ರಿಡ್ಜಸ್ ತಾವೇ ಮಕ್ಕಳಿಗಾಗಿ ಪುಸ್ತಕ ಬರೆದಿದ್ದಾರೆ, ಮಾತಾಡಿದ ವಿಡಿಯೊಗಳೂ ಇವೆ. ವಿಡಿಯೊ ತೋರಿಸುವ ಮುಂಚೆ ನೀವು ಕೊನೆಯವರೆಗೆ ನೋಡಿ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವುದನ್ನು ಮೊಬೈಲ್‌ನಲ್ಲಿ ಆಫ್ ಮಾಡಿ. ರೂಬಿ ಆದ ಮೇಲೆ ಏನು ಬಂದು ನಿಲ್ಲುತ್ತದೋ ಹೇಳಲಾಗದು.

ಯಾವುದೇ ಚಿತ್ರ, ಕಥೆ ಸಿಕ್ಕಿದರೂ ನಾನು ಮೊದಲು ನೋಡುವುದು ಒಂದನ್ನೇ. ಇದರಲ್ಲಿ ಕಪ್ಪು ಮನುಷ್ಯರು ಏನಾದರೂ ಮಾಡುತ್ತಿದ್ದಾರಾ, ಇಲ್ಲ ಬರೀ ಏಟು ತಿನ್ನುತ್ತಿದ್ದಾರಾ? ಬರೀ ಏಟು ತಿನ್ನುವ ಕಥೆ ಕೇಳಿದ ಮಗು "ಪಾಪ" ಅನ್ನುತ್ತದೆ, ಮರೆಯುತ್ತದೆ. ರೋಸಾ ಪಾರ್ಕ್ಸ್ ವಿಷಯದಲ್ಲಿ ಇದು ತುಂಬಾ ಆಗುತ್ತದೆ. "ಸುಸ್ತಾಗಿದ್ದ ವಯಸ್ಸಾದ ಹೆಂಗಸು ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. 1955ರ ಡಿಸೆಂಬರ್ 1ರಂದು ಆಕೆಗೆ 42 ವರ್ಷ. ಬಟ್ಟೆ ಹೊಲಿಯುವ ಕೆಲಸ, ಜೊತೆಗೆ ತಮ್ಮ ಊರಿನಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘದ ಕಾರ್ಯದರ್ಶಿ. ಗೊತ್ತಿದ್ದೇ ಎದ್ದೇಳಲಿಲ್ಲ. ಅದಕ್ಕೂ ಮೊದಲೇ, ಅದೇ ಮಾಂಟ್‌ಗೊಮರಿ ಊರಿನಲ್ಲಿ, ಅದೇ ವರ್ಷ ಮಾರ್ಚಿಯಲ್ಲಿ, 15 ವರ್ಷದ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿ ಎದ್ದೇಳದೆ ಅರೆಸ್ಟ್ ಆಗಿದ್ದಳು. ರೋಸಾ ಅವರನ್ನು ಅರೆಸ್ಟ್ ಮಾಡಿದ ಮೇಲೆ 381 ದಿನ ಆ ಊರಿನ ಕಪ್ಪು ಜನ ಬಸ್ಸು ಹತ್ತಲಿಲ್ಲ. ನಡೆದರು, ಕಾರು ಇದ್ದವರು ಇಲ್ಲದವರನ್ನು ಕೂರಿಸಿಕೊಂಡರು. ಬಸ್ಸಿನಲ್ಲಿ ಬೇರೆ ಸೀಟು ಮಾಡುವುದನ್ನು ಕೋರ್ಟು ನಿಲ್ಲಿಸಿತು. ನಿಮ್ಮ ಮಕ್ಕಳಲ್ಲಿ ದಿನಾ ಬಸ್ಸಿಗೆ ಕಾಯುವವರು ಇದ್ದಾರಲ್ಲ? ವರ್ಷಕ್ಕೂ ಮೇಲೆ ಬಸ್ಸು ಹತ್ತದೆ ಶಾಲೆಗೆ, ಸಂತೆಗೆ ಹೋಗುವುದು ಹೇಗೆ ಅಂತ ಲೆಕ್ಕ ಹಾಕಿಸಿ. ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು, ಚಪ್ಪಲಿ ಎಷ್ಟು ಜೊತೆ ಸವೆಯುತ್ತದೆ ಅಂತ.

ಇನ್ನೊಂದು ಸಣ್ಣ ವಿಷಯ. ಕಪ್ಪು ಬಿಳುಪು ಫೋಟೊ ನೋಡಿದರೆ ಮಕ್ಕಳು ಇದೆಲ್ಲ ರಾಜರ ಕಾಲದ್ದು ಅಂದುಕೊಳ್ಳುತ್ತಾರೆ. ರೂಬಿಗೆ ನಿಮ್ಮ ಅಜ್ಜಿಯಷ್ಟು ವಯಸ್ಸು ಅಂತ ಹೇಳಿ.

ಪ್ರಶ್ನೆ: ಮೇಡಂ, ನಮ್ಮದು ತುಮಕೂರು. ಮಗ ಒಂದನೇ ಕ್ಲಾಸು. ಸ್ವಲ್ಪ ಕಪ್ಪಗಿದ್ದಾನೆ. ಕ್ಲಾಸಿನಲ್ಲಿ "ಕರಿಯ" ಅಂತಾರೆ, ನೆಂಟರೂ ಹಾಗೇ ಕರೆದು ನಗುತ್ತಾರೆ. ಈಗ ತನ್ನ ಚಿತ್ರ ಬರೆಯುವಾಗ ಮುಖಕ್ಕೆ ತೆಳು ಗುಲಾಬಿ ಬಣ್ಣ ತುಂಬುತ್ತಾನೆ. ಕಪ್ಪು ಜನರ ಸಾಧನೆಯ ಕಥೆ ಹೇಳಿದರೆ ಅವನಿಗೆ ಧೈರ್ಯ ಬರುತ್ತದೆ ಅಂತ ನನ್ನ ತಂಗಿ ಹೇಳಿದಳು. ಇಷ್ಟು ಚಿಕ್ಕವನಿಗೆ ಏನು ಓದಿಸಲಿ?

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ಹೊಟ್ಟೆ ಉರಿಯಿತು. ಮೊದಲು ನೆಂಟರ ಬಾಯಿ ಮುಚ್ಚಿಸಿ. ಪ್ರೀತಿಗೆ ಕರೆಯೋದು ಅಂತಾರೆ, ಒಪ್ಪಬೇಡಿ. "ಅವನಿಗೆ ಹೆಸರಿದೆ, ಹೆಸರಿಟ್ಟು ಕರೀರಿ" ಅಂತ ಮಗನ ಎದುರೇ ಹೇಳಿ. ಅವನು ಕೇಳಿಸಿಕೊಳ್ಳಬೇಕು. ಕ್ಲಾಸ್ ಟೀಚರ್ ಹತ್ತಿರವೂ ಹೋಗಿ ಮಾತಾಡಿ.

ಆರು ವರ್ಷದ ಮಗುವಿಗೆ ಗುಲಾಮಗಿರಿ, ಹೋರಾಟ ಯಾವುದೂ ಬೇಡ. ಅವನಿಗೆ ಬೇಕಾದದ್ದು ತನ್ನ ಬಣ್ಣದ ಮಕ್ಕಳು ಆಡುವ, ತಿನ್ನುವ, ಮರ ಹತ್ತುವ, ಮೇಕೆ ಹುಡುಕುವ ಕಥೆಗಳು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಒಂದು ತಾಣ ಇದೆ, ಕನ್ನಡದಲ್ಲಿ ಬೇಕಾದಷ್ಟು ಚಿತ್ರಪುಸ್ತಕಗಳಿವೆ, ಎಲ್ಲ ಉಚಿತ. ಓದುವ ಮಟ್ಟ ನೋಡಿ ಆರಿಸಬಹುದು, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು. ಆಫ್ರಿಕಾದ ಹಳ್ಳಿಗಳಲ್ಲಿ ನಡೆಯುವ ಕಥೆಗಳು ಬೇಕಾದರೆ ಆಫ್ರಿಕನ್ ಸ್ಟೋರಿಬುಕ್ ತಾಣ ನೋಡಿ. ಅಲ್ಲಿನ ಅಜ್ಜಿ, ತೋಟ, ಕೋಳಿ ಎಲ್ಲ ನಮ್ಮ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಯದೇ ಅನ್ನಿಸುತ್ತದೆ. ಚಿತ್ರ ತೋರಿಸುತ್ತಾ ಕನ್ನಡದಲ್ಲಿ ನೀವೇ ಹೇಳಿ.

ಸ್ವಲ್ಪ ದೊಡ್ಡವನಾದ ಮೇಲೆ ವಿಲ್ಮಾ ರುಡಾಲ್ಫ್ ಕಥೆ ಹೇಳಿ. ಚಿಕ್ಕವಳಿದ್ದಾಗ ಪೋಲಿಯೊ ಬಂದು ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿದ್ದರು. ಅವಳ ಊರಿನಲ್ಲಿ ಕಪ್ಪು ಜನರಿಗೆ ಸರಿಯಾದ ಆಸ್ಪತ್ರೆ ಇರಲಿಲ್ಲ. ಅಮ್ಮ ಅವಳನ್ನು ಬಸ್ಸಿನಲ್ಲಿ ನ್ಯಾಶ್‌ವಿಲ್ ತನಕ ಕರೆದುಕೊಂಡು ಹೋಗಿ ಬರುತ್ತಿದ್ದಳು. ಮನೆಯಲ್ಲಿ ಅಣ್ಣ ಅಕ್ಕಂದಿರು ಸರದಿ ಹಾಕಿಕೊಂಡು ಕಾಲು ತಿಕ್ಕುತ್ತಿದ್ದರು. ಅದೇ ಹುಡುಗಿ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಓಟದಲ್ಲಿ ಮೂರು ಚಿನ್ನ ಗೆದ್ದಳು. ಊರಿನವರು ಮೆರವಣಿಗೆ ಮಾಡುತ್ತೇವೆ ಅಂದಾಗ, ಕಪ್ಪು ಬಿಳಿ ಜನ ಒಟ್ಟಿಗೆ ಸೇರುವುದಾದರೆ ಮಾತ್ರ ಬರುತ್ತೇನೆ ಅಂದಳು. ಹಾಗೇ ಆಯಿತು. ಲೆಕ್ಕ ಇಷ್ಟವಾದರೆ ಕ್ಯಾಥರೀನ್ ಜಾನ್ಸನ್ ಕಥೆ ಇದೆ. ದಾರಿಯಲ್ಲಿ ಹೆಜ್ಜೆ ಎಣಿಸುತ್ತಿದ್ದಳು, ತೊಳೆದ ತಟ್ಟೆ ಎಣಿಸುತ್ತಿದ್ದಳು. ಮುಂದೆ ನಾಸಾದಲ್ಲಿ ಕೆಲಸ. 1962ರಲ್ಲಿ ಜಾನ್ ಗ್ಲೆನ್ ಭೂಮಿ ಸುತ್ತಲು ಹೊರಡುವ ಮುಂಚೆ, ಕಂಪ್ಯೂಟರ್ ಮಾಡಿದ ಲೆಕ್ಕವನ್ನು ಈಕೆ ಇನ್ನೊಮ್ಮೆ ನೋಡಲಿ ಅಂತ ಕೇಳಿದರು.

ನಮ್ಮ ರಾಜ್ಯದಲ್ಲೇ ಸಿದ್ದಿಯರು ಇದ್ದಾರೆ ಅನ್ನುವುದನ್ನೂ ಮಗನಿಗೆ ಹೇಳಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಬಹಳ ಜನರನ್ನು ಗುಲಾಮರಾಗಿ ತಂದಿದ್ದರು. ಅವರ ಡಮಾಮಿ ಕುಣಿತದ ವಿಡಿಯೊ ಹಾಕಿ, ಹುಡುಗ ತಾನೂ ಎದ್ದು ಕುಣಿಯುತ್ತಾನೆ. ಅವರು ಹೊಲಿಯುವ ಬಣ್ಣಬಣ್ಣದ ಕೌದಿಗಳ ಚಿತ್ರ ತೋರಿಸಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನ್‌ಗೆ ಬಂದು, ಅಹ್ಮದ್‌ನಗರ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ ಕಥೆಯೂ ಇದೆ. ಮೊಘಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ಮನುಷ್ಯ. ಕತ್ತಿ, ಕುದುರೆ ಇರುವ ಕಥೆ ಗಂಡು ಮಕ್ಕಳಿಗೆ ಹೇಳಿ ಕೊಡಬೇಕಾ!

ಬಣ್ಣದ ಡಬ್ಬಿಯಿಂದ ಗುಲಾಬಿ ಕಿತ್ತುಕೊಳ್ಳಬೇಡಿ. ನೀವು ಪಕ್ಕದಲ್ಲಿ ಕೂತು ನಿಮ್ಮ ಮುಖ ಬರೆಯಿರಿ, ಕಂದು ಬಣ್ಣ ತುಂಬಿ. ನೋಡಲಿ.

ಪ್ರಶ್ನೆ: ನಮ್ಮ ಮಕ್ಕಳಿಗೆ ನಮ್ಮ ಚರಿತ್ರೆಯೇ ಸರಿಯಾಗಿ ಗೊತ್ತಿಲ್ಲ. ಅಮೆರಿಕದ ಕಪ್ಪು ಜನರ ಚರಿತ್ರೆ ಯಾಕೆ ಬೇಕು? ಚಿಕ್ಕಬಳ್ಳಾಪುರದಿಂದ ಒಬ್ಬ ಪೋಷಕ.

ಉತ್ತರ: ಅಣ್ಣಾ, ನಮ್ಮ ಚರಿತ್ರೆ ತೆರೆದರೆ ಅದರೊಳಗೇ ಇದು ಇದೆ. ಜ್ಯೋತಿಬಾ ಫುಲೆ 1873ರಲ್ಲಿ ಬರೆದ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಅಮೆರಿಕದಲ್ಲಿ ಕಪ್ಪು ಜನರ ಗುಲಾಮಗಿರಿ ತೆಗೆಯಲು ದುಡಿದವರಿಗೆ. ಅಂಬೇಡ್ಕರ್ 1946ರಲ್ಲಿ ಅಲ್ಲಿನ ಕಪ್ಪು ವಿದ್ವಾಂಸ ಡು ಬೋಯ್ಸ್ ಅವರಿಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದರು. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಇಂಡಿಯಾಕ್ಕೆ ಬಂದಿದ್ದಾಗ ತಿರುವನಂತಪುರದ ಒಂದು ಶಾಲೆಗೆ ಹೋದರು. ದಲಿತ ಮಕ್ಕಳು ಓದುತ್ತಿದ್ದ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳಿಗೆ, ಇವರು ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು ಅಂತ ಪರಿಚಯಿಸಿದರು. ಕಿಂಗ್‌ಗೆ ಮೊದಲು ಕಸಿವಿಸಿಯಾಯಿತು. ಆಮೇಲೆ ತಮ್ಮ ಊರಿನ ಜನರನ್ನು ನೆನೆದು, ಹೌದು, ನಾನೂ ಅದೇ ಅಂದುಕೊಂಡೆ ಅಂತ ಅವರೇ ಮುಂದೆ ಹೇಳಿದರು.

ಪ್ರಾರ್ಥನೆ ಹೊತ್ತಿಗೆ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಾರೆ. ಸಮಾನತೆ, ಭ್ರಾತೃತ್ವ ಅನ್ನುವ ಮಾತು ಬಾಯಿಗೆ ಬಂದಿದೆ. ದೂರದ ಊರಿನ ಅನ್ಯಾಯವನ್ನು ಮಗು ಹೆದರದೆ, ನಾಚದೆ ನೋಡುತ್ತದೆ. ಆಮೇಲೆ ತನ್ನ ಊರಿನ ಹೋಟೆಲು, ದೇವಸ್ಥಾನ, ಕ್ಷೌರದಂಗಡಿ ಕಡೆ ತಿರುಗಿ ಪ್ರಶ್ನೆ ಕೇಳುತ್ತದೆ. ನಾವು ಆ ಪ್ರಶ್ನೆಗೆ ತಯಾರಿರಬೇಕು, ಅಷ್ಟೇ.

ಪ್ರಶ್ನೆ: ಅಮ್ಮಾ, ನಾನು ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವನು. ಈಗ ವಯಸ್ಸಾಗಿದೆ. ಮೊಮ್ಮಗಳು ಐದನೇ ಕ್ಲಾಸು. ಅಮೆರಿಕದಲ್ಲಿರುವ ನನ್ನ ಅಣ್ಣನ ಮೊಮ್ಮಗ ವಿಡಿಯೊ ಕಾಲ್‌ನಲ್ಲಿ, ತಮ್ಮ ಸ್ಕೂಲಿನಲ್ಲಿ ಫೆಬ್ರವರಿ ಪೂರ್ತಿ ಕಪ್ಪು ಜನರ ಚರಿತ್ರೆ ಓದುತ್ತೇವೆ ಅಂದನಂತೆ. ಇವಳು ನನ್ನ ಹತ್ತಿರ ಬಂದು "ಯಾಕೆ ತಾತ, ಏನದು?" ಅಂತಾಳೆ. ನನಗೆ ಇಂಗ್ಲಿಷ್ ಬರಲ್ಲ. ನಾನೇನು ಹೇಳಲಿ?

ಉತ್ತರ: ಅಪ್ಪಾಜಿ, ಈ ಪ್ರಶ್ನೆಗೆ ನಿಮಗಿಂತ ಚೆನ್ನಾಗಿ ಉತ್ತರ ಹೇಳುವವರು ಸಿಗುವುದು ಕಷ್ಟ. ಯಾಕೆ ಅಂದರೆ ಆ ಫೆಬ್ರವರಿ ಶುರು ಮಾಡಿದ್ದೇ ಒಬ್ಬ ಗಣಿ ಕೆಲಸಗಾರ.

ಅವರ ಹೆಸರು ಕಾರ್ಟರ್ ವುಡ್ಸನ್. ಹುಟ್ಟಿದ್ದು 1875ರಲ್ಲಿ. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು. ಮನೆ ಕಷ್ಟ, ಹುಡುಗ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಗಣಿಗೆ ಇಳಿದ. ಅಲ್ಲಿ ಇವರ ಜೊತೆ ದುಡಿಯುತ್ತಿದ್ದವರಲ್ಲಿ ಬಹಳ ಜನರಿಗೆ ಓದಲು ಬರುತ್ತಿರಲಿಲ್ಲ. ಕೆಲಸ ಮುಗಿಸಿ ಒಬ್ಬ ಗಣಿ ಕಾರ್ಮಿಕರ ಮನೆಯಲ್ಲಿ ಸೇರುತ್ತಿದ್ದರು. ವುಡ್ಸನ್ ಪೇಪರ್ ಓದಿ ಹೇಳುತ್ತಿದ್ದರು. ಅಲ್ಲಿ ಕೂತವರು ತಾವು ಯುದ್ಧಕ್ಕೆ ಹೋದದ್ದು, ಗುಲಾಮಗಿರಿಯಲ್ಲಿ ಕಂಡದ್ದು ಹೇಳುತ್ತಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಚರಿತ್ರೆ ಅವರ ಬಾಯಲ್ಲಿತ್ತು. ವುಡ್ಸನ್ ಹೈಸ್ಕೂಲು ಸೇರಿದಾಗ ಸುಮಾರು ಇಪ್ಪತ್ತು ವರ್ಷ. 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟು ಪಡೆದರು. ಶಾಲೆಯ ಪುಸ್ತಕಗಳಲ್ಲಿ ತಮ್ಮ ಜನರೇ ಇಲ್ಲ ಅನ್ನುವುದು ಅವರ ಸಂಕಟ. 1926ರ ಫೆಬ್ರವರಿಯಲ್ಲಿ ಒಂದು ವಾರ ಅಂತ ಶುರು ಮಾಡಿದರು. ಲಿಂಕನ್ ಮತ್ತು ಫ್ರೆಡರಿಕ್ ಡಗ್ಲಸ್ ಹುಟ್ಟುಹಬ್ಬ ಬರುವ ತಿಂಗಳು ಅದು. 1976ರ ಹೊತ್ತಿಗೆ ಅದು ಇಡೀ ತಿಂಗಳಾಯಿತು.

ಇಷ್ಟು ಹೇಳಿದ ಮೇಲೆ ನಿಮ್ಮದನ್ನು ಹೇಳಿ. ಗಣಿಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತಿದ್ದಿರಿ, ಕೆಳಗೆ ಎಷ್ಟು ಸೆಕೆ, ದೊರೆಗಳ ಬಂಗಲೆ ಎಲ್ಲಿತ್ತು, ಕೂಲಿ ಲೈನ್ ಎಲ್ಲಿತ್ತು, ಕ್ಲಬ್ಬಿನೊಳಗೆ ಯಾರು ಹೋಗಬಹುದಿತ್ತು, ಯಾರು ಹೋಗುವ ಹಾಗಿರಲಿಲ್ಲ. ಬೆಂಗಳೂರಿಗೂ ಮೊದಲೇ, 1902ರಲ್ಲಿ, ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು. ಲೈನ್ ಮನೆಗಳಿಗೆ ಯಾವಾಗ ಬಂತು ಅಂತ ನಿಮ್ಮ ಅಪ್ಪ ಹೇಳಿದ್ದು ನೆನಪಿದ್ದರೆ ಅದನ್ನೂ ಹೇಳಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಮೊಮ್ಮಗಳು ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆಯಲಿ. ಅದರ ಒಂದು ಪ್ರತಿ ನನಗೂ ಕಳಿಸಿ, ಓದುವ ಆಸೆ ಇದೆ. ಮುಂದಿನ ವಿಡಿಯೊ ಕಾಲ್‌ನಲ್ಲಿ ಅಮೆರಿಕದ ಹುಡುಗನಿಗೆ ಅವಳೇ ಇದನ್ನು ಓದಿ ಹೇಳಲಿ.

ಪ್ರಶ್ನೆ: ಪಾವಗಡ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ನಾನು ಮೇಲ್ವಿಚಾರಕಿ. ಬೇಸಿಗೆ ರಜೆಯಲ್ಲಿ ಮಕ್ಕಳು ಬರುತ್ತಾರೆ. ಇಂಥ ವಿಷಯ ಮಾಡಲು ಆಸೆ. ದುಡ್ಡು ಇಲ್ಲ, ನೆಟ್‌ವರ್ಕ್ ಸರಿ ಇಲ್ಲ. ಏನು ಮಾಡಬಹುದು?

ಉತ್ತರ: ನಿಮ್ಮ ಕಡೆ ಕಡ್ಲೆಕಾಯಿ ಬೆಳೆಯುತ್ತಾರಲ್ಲ ಮೇಡಂ, ಅದೇ ಸಾಕು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕಥೆ ತೆಗೆದುಕೊಳ್ಳಿ.

ಅವರು ಗುಲಾಮರ ಮಗನಾಗಿ ಮಿಸೌರಿ ರಾಜ್ಯದಲ್ಲಿ ಹುಟ್ಟಿದರು. ಚಿಕ್ಕಂದಿನಿಂದ ಗಿಡ ಅಂದರೆ ಪ್ರಾಣ. ಬಾಡಿದ ಗಿಡಗಳನ್ನು ಅಕ್ಕಪಕ್ಕದವರು ಈ ಹುಡುಗನ ಹತ್ತಿರ ತರುತ್ತಿದ್ದರಂತೆ. ಹತ್ತಿರದ ಶಾಲೆ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಓದಲು ಬೇರೆ ಊರಿಗೆ ನಡೆದು ಹೋದರು. ಮುಂದೆ ಕೃಷಿ ವಿಜ್ಞಾನಿಯಾಗಿ 1896ರಲ್ಲಿ ಅಲಬಾಮಾದ ಟಸ್ಕೀಗಿ ಎಂಬ ಊರಿನ ಕಪ್ಪು ಜನರ ಕಾಲೇಜಿಗೆ ಬಂದರು. ಅಲ್ಲಿನ ಭೂಮಿ ವರ್ಷ ವರ್ಷ ಬರೀ ಹತ್ತಿ ಹಾಕಿ ಸತ್ವ ಕಳೆದುಕೊಂಡಿತ್ತು. ಕಡ್ಲೆಕಾಯಿ, ಅಲಸಂದೆ ಹಾಕಿ, ಬೆಳೆ ಬದಲಾಯಿಸಿ ಅಂತ ಕಾರ್ವರ್ ಬಡ ರೈತರಿಗೆ ಹೇಳಿದರು. ರೈತರು ಕಾಲೇಜಿಗೆ ಬರಲಾಗದು ಅಂತ 1906ರಲ್ಲಿ ಕುದುರೆ ಗಾಡಿಯಲ್ಲಿ ಬೀಜ, ಉಪಕರಣ ತುಂಬಿಸಿ ಹಳ್ಳಿಗೇ ಕಳಿಸುವ ಏರ್ಪಾಟು ಮಾಡಿಸಿದರು. ಬೆಳೆದ ಕಡ್ಲೆಕಾಯಿ ಏನು ಮಾಡುವುದು ಅಂದವರಿಗೆ, 1916ರಲ್ಲಿ 105 ಬಗೆಯ ಅಡುಗೆ ಬರೆದು ಚಿಕ್ಕ ಪುಸ್ತಕ ಹಂಚಿದರು. ಪೀನಟ್ ಬಟರ್ ಕಂಡುಹಿಡಿದದ್ದು ಇವರೇ ಅಂತ ಎಷ್ಟೋ ಕಡೆ ಬರೆದಿರುತ್ತದೆ, ಅದು ನಿಜವಲ್ಲ, ಮಕ್ಕಳಿಗೆ ಹೇಳಬೇಡಿ. ನಿಜವಾದ ಕಥೆಯೇ ಬೇಕಾದಷ್ಟು ದೊಡ್ಡದಿದೆ.

ಬೇಸಿಗೆಯಲ್ಲಿ ನೀರಾವರಿ ಇರುವ ಹೊಲದಲ್ಲಿ ಗಿಡ ಸಿಕ್ಕರೆ ಒಂದು ಕಿತ್ತು ತರಿಸಿ. ಮಣ್ಣು ತೊಳೆದು ಬೇರು ತೋರಿಸಿ. ಸಾಸಿವೆಗಿಂತ ಸ್ವಲ್ಪ ದಪ್ಪ ಗಂಟುಗಳು ಅಂಟಿರುತ್ತವೆ. ಒಂದನ್ನು ಉಗುರಲ್ಲಿ ಸೀಳಿದರೆ ಒಳಗೆ ತೆಳು ಕೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುವ ಸೂಕ್ಷ್ಮಜೀವಿಗಳು ಇರುವುದು ಅಲ್ಲೇ. ಕಾರ್ವರ್ ಕಡ್ಲೆಕಾಯಿ ಹಾಕಿ ಅಂದದ್ದು ಯಾಕೆ ಅಂತ ಆಗ ತಾನಾಗಿ ತಿಳಿಯುತ್ತದೆ. ಗಿಡ ಸಿಗದಿದ್ದರೆ ಅಲಸಂದೆ ಬಳ್ಳಿಯಾದರೂ ಆಗುತ್ತದೆ.

ಆಮೇಲೆ ಒಂದು ಡ್ರಾಯಿಂಗ್ ಶೀಟ್ ಗೋಡೆಗೆ ಹಚ್ಚಿ. ಕಾರ್ವರ್ ಹೇಳಿದ್ದು 105, ನಮ್ಮ ಊರಿನದು ಎಷ್ಟು ಅಂತ ಮೇಲೆ ಬರೆಯಿರಿ. ಮಕ್ಕಳು ಮನೆಗೆ ಹೋಗಿ ಅಜ್ಜಿ, ಅಮ್ಮಂದಿರನ್ನು ಕೇಳಿಕೊಂಡು ಬರಲಿ. ಬೇಯಿಸಿದ್ದು, ಹುರಿದದ್ದು, ಚಟ್ನಿ, ಹುಚ್ಚೆಳ್ಳಿನ ಜೊತೆ ಕುಟ್ಟಿದ ಪುಡಿ, ಬೆಲ್ಲದ ಉಂಡೆ, ಚಿತ್ರಾನ್ನಕ್ಕೆ ಹಾಕಿದ್ದು, ಮುದ್ದೆಗೆ ಮಾಡಿದ ಗೊಜ್ಜು. ಒಂದೊಂದರ ಕೆಳಗೂ ಹೇಳಿಕೊಟ್ಟವರ ಹೆಸರು ಬರೆಸಿ.